ಪರದೆ ತೆಗೆದ ಮೇಲೆ

"ಯಾರಿಗಾದರೂ ಆಕ್ಷೇಪಣೆ ಇದೆಯಾ?"

ಭಾನುವಾರ ಬೆಳಗಿನ ಆನ್‌ಲೈನ್ ಸಭೆಯಲ್ಲಿ ಅವಳು ಹೀಗೆ ಕೇಳಿ, ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಕಾಯುತ್ತಿದ್ದಳು. ಯಾರೂ ಮಾತಾಡದಿದ್ದರೆ ಒಪ್ಪಿಗೆ. ಅದು ಆ ಗುಂಪಿನ ಪದ್ಧತಿ. ಸಂಬಳವಿಲ್ಲದೆ, ಬಿಡುವಿನಲ್ಲಿ, ಒಬ್ಬೊಬ್ಬರು ಒಂದೊಂದು ಕಡೆ ಕೂತು ಕೆಲಸ ಮಾಡುವ ಜನ. ಪ್ರತಿಯೊಂದಕ್ಕೂ ಕೈ ಎತ್ತಿಸುತ್ತ ಕೂತರೆ ಬಂಡಿ ಮುಂದಕ್ಕೆ ಹೋಗುವುದಿಲ್ಲ. ಸುಮ್ಮನಿದ್ದವರೆಲ್ಲ ಒಪ್ಪಿದವರು.

ಅವರು ಕಟ್ಟುತ್ತಿದ್ದ ತಂತ್ರಾಂಶದ ಹೆಸರು 'ಸರದಿ'. ಚಿಕ್ಕ ಆಸ್ಪತ್ರೆಗಳಲ್ಲಿ ಟೋಕನ್ ಕೊಟ್ಟು, ಸರದಿ ಬಂದಾಗ ಸ್ಪೀಕರಿನಲ್ಲಿ ನಂಬರ್ ಕೂಗಿ ಕರೆಯುತ್ತದೆ. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಯಾರು ಬೇಕಾದರೂ ಕೋಡ್ ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಓದಿ, ಸೇರಿಸುವುದೋ ವಾಪಸ್ ಕಳಿಸುವುದೋ ಎಂದು ತೀರ್ಮಾನಿಸುವವಳು ಅವಳು. ವಾರವೆಲ್ಲ ವಿಮಾ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಿದ್ದಳು. ಇಲ್ಲಿ ಮಾತ್ರ ಎಲ್ಲರಿಗೂ ಅಕ್ಕ. ಅವಳಿಗಿಂತ ಎಷ್ಟೋ ದೊಡ್ಡವರು ಕೂಡ ಸಂಕೋಚವಿಲ್ಲದೆ ಅಕ್ಕ ಎನ್ನುತ್ತಿದ್ದರು.

ಆ ದಿನ ಮಾತೆತ್ತಿದವನು ಗಡ್ಡದವನು. ಗುಂಪಿನ ಹಳಬ. ಕೆಟ್ಟವನಲ್ಲ, ಆದರೆ ಕೆಲಸಕ್ಕೆ ಬಾರದ್ದನ್ನು ಇಟ್ಟುಕೊಂಡು ಸಾಕುವುದು ಅವನಿಗೆ ಆಗದು.

"ಅಕ್ಕ, ನಂಬರನ್ನ ಟೀವಿ ಮೇಲೆ ತೋರಿಸೋ ಭಾಗ ಇದೆಯಲ್ಲ, ಆ ಪರದೆ. ಅದನ್ನ ಹಾಕ್ಕೊಂಡಿರೋದು ಒಂದೇ ಒಂದು ಆಸ್ಪತ್ರೆ. ಪ್ರತಿ ಸಲ ಅದೇ ಕೈ ಕೊಡುತ್ತೆ. ಪರದೆ ತೆಗೆದುಬಿಡೋಣ."

ಪರದೆ ಪೂರ್ತಿ ಒಬ್ಬನ ಕೆಲಸ. ಗುಂಪಿನಲ್ಲಿ ಅವನು ಇಟ್ಟುಕೊಂಡ ಹೆಸರು ಗುಬ್ಬಚ್ಚಿ.

"ಗುಬ್ಬಚ್ಚಿ, ನೀವೇನಂತೀರಿ?" ಎಂದು ಅವಳು ಕೇಳಿದಳು.

ಮೂಲೆಯಲ್ಲಿ ಗುಬ್ಬಚ್ಚಿಯ ಪುಟ್ಟ ಚಿತ್ರ. ಪಕ್ಕದಲ್ಲಿ ಯಾವಾಗಿನಂತೆ ಮುಚ್ಚಿದ ಮೈಕು. ಅವಳು ಒಂದರ ಬದಲು ಎರಡು ಗುಟುಕು ಕಾದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ.

"ಮೌನಿಬಾಬಾ ಆಶೀರ್ವಾದ ಮಾಡಿದ್ರು ಬಿಡಿ" ಎಂದರು ಯಾರೋ. ಎಲ್ಲರೂ ನಕ್ಕರು. ಅವಳೂ ನಕ್ಕಳು.

"ಸರಿ. ಒಪ್ಪಿಗೆ" ಎಂದಳು.

*

ಬರಹದಲ್ಲಿ ಗುಬ್ಬಚ್ಚಿ ಹೀಗಿರಲಿಲ್ಲ. ಅದೇ ಅವಳಿಗೆ ಅರ್ಥವಾಗದ ಸಂಗತಿ.

ಅವನು ಕಳಿಸಿದ ಕೋಡಿನ ಪಕ್ಕ "ಈ ಸಾಲು ನನಗೆ ಅರ್ಥ ಆಗಲಿಲ್ಲ" ಎಂದು ಅವಳು ಬರೆದರೆ, "ನನಗೂ ಆಗಿಲ್ಲ. ಪಾಪ, ಅದರ ಪಾಡಿಗೆ ಕೆಲಸ ಮಾಡ್ತಿದೆ, ಮಾತಾಡಿಸಬೇಡಿ" ಎಂದು ಉತ್ತರ ಬರುತ್ತಿತ್ತು. ಮರುದಿನ ಆ ಸಾಲು ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಮಗುವಿಗೂ ಅರ್ಥವಾಗುವಂಥದ್ದು ಇರುತ್ತಿತ್ತು. ಅವಳು ಕಟುವಾಗಿ ತಿದ್ದಿದಷ್ಟೂ ಅವನಿಗೆ ಹುರುಪು. "ಇವತ್ತು ಬೈಗುಳ ಕಡಿಮೆ ಇದೆಯಲ್ಲ, ಹುಷಾರಾಗಿದ್ದೀರಾ?" ಎಂದು ಒಮ್ಮೆ ಕೇಳಿದ್ದ. ಆ ದಿನ ಅವಳಿಗೆ ನಿಜವಾಗಿಯೂ ಜ್ವರವಿತ್ತು.

ಇನ್ನೊಂದು ದಿನ ಅವಳೇ ಕೇಳಿದ್ದಳು: "ಎಲ್ಲರೂ ಅಕ್ಕ ಅಂತಾರೆ. ನೀವ್ಯಾಕೆ ಅನ್ನಲ್ಲ?"

"ಮನೇಲಿ ಒಬ್ಬಳು ಅಕ್ಕ ಇದ್ದಾಳೆ. ಒಬ್ಬಳೇ ಸಾಕಾಗಿದೆ."

ಸ್ವಲ್ಪ ಹೊತ್ತಿನ ಮೇಲೆ ಅದರ ಕೆಳಗೆ ಮತ್ತೊಂದು ಸಾಲು ಬಂತು. "ಬೇರೆ ಕಾರಣಾನೂ ಇದೆ. ಪರದೆ ಎಲ್ಲ ಆಸ್ಪತ್ರೆಗೂ ಹೋಗಲಿ, ಆಮೇಲೆ ಹೇಳ್ತೀನಿ."

ಆಫೀಸಿನಿಂದ ಬರುವ ಬಸ್ಸಿನಲ್ಲಿ ಅವಳು ಆ ಸಾಲನ್ನು ತೆರೆದು ಓದಿದಳು, ಫೋನ್ ಚೀಲಕ್ಕೆ ಹಾಕಿದಳು, ಮತ್ತೆ ತೆಗೆದು ಓದಿದಳು. ಇಳಿಯುವ ಸ್ಟಾಪ್ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಇಷ್ಟೆಲ್ಲ ಬರೆಯುವವನು ಸಭೆಯಲ್ಲಿ ಅವಳೊಂದಿಗೆ ಒಂದು ಮಾತೂ ಆಡುತ್ತಿರಲಿಲ್ಲ. ಪ್ರತಿ ಭಾನುವಾರ ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳು. ಒಂದು 'ಹ್ಞೂಂ' ಅಂದಿದ್ದರೂ ಸಾಕಿತ್ತು. ಆ ದನಿಯನ್ನು ವಾರವೆಲ್ಲ ಇಟ್ಟುಕೊಳ್ಳುತ್ತಿದ್ದಳು. ತನ್ನ ದನಿ ಕೇಳಿಸಲು ಅವನಿಗೆ ಇಷ್ಟವಿಲ್ಲ, ಬರಹದ ಸಲುಗೆ ಬರಹಕ್ಕಷ್ಟೇ ಎಂದು ಅವಳು ಅಂದುಕೊಂಡಳು. ಅದು ಅವಳಿಗೆ ನೋವು ಕೊಟ್ಟಿತ್ತು. ಆ ದಿನದ ನಗುವಿನಲ್ಲಿ ಆ ನೋವೂ ಸ್ವಲ್ಪ ಇತ್ತು.

ಈ ಸಭೆಗಳನ್ನು ತಂದವಳೇ ಅವಳು. ಮೊದಲು ಎಲ್ಲ ಬರಹದಲ್ಲೇ ನಡೆಯುತ್ತಿತ್ತು. ಆಗ ಅವಳೊಬ್ಬಳೇ ಹೆಂಗಸು. ಅವಳು ಕಳಿಸಿದ ಕೋಡಿನ ಕೆಳಗೆ ಮುಖ ಕಾಣದ ಗಂಡಸರು ಎಂಥೆಂಥ ಮಾತು ಬರೆದಿದ್ದರೆಂದರೆ, ಅವಳು ಅಮ್ಮನಿಗೂ ಹೇಳಿರಲಿಲ್ಲ. ಹಲ್ಲುಕಚ್ಚಿ ಉಳಿದಳು. ಅಧಿಕಾರ ಕೈಗೆ ಬಂದಾಗ ಮೊದಲು ಮಾಡಿದ ಕೆಲಸ ಇದು: ವಾರಕ್ಕೊಮ್ಮೆ ಎಲ್ಲರೂ ದನಿಯಲ್ಲಿ ಮಾತಾಡಬೇಕು, ಸಭೆಯ ನಡುವೆ ಪಿಸುಗುಟ್ಟುವ ಚಾಟ್ ಮುಚ್ಚಿರಬೇಕು. ಎದುರಿಗಿನವರ ದನಿ ಕೇಳಿದ ಮೇಲೆ ಕೊಳಕು ಮಾತು ನಾಲಿಗೆಗೆ ಬರುವುದು ಕಷ್ಟ. ಹಾಗೇ ಆಯಿತು. ಆಮೇಲೆ ಹುಡುಗಿಯರು ಬಂದರು, ಉಳಿದರು. ಮೊದಲ ಪುಟದಲ್ಲಿ 'ಇಲ್ಲಿ ಎಲ್ಲರಿಗೂ ಜಾಗವಿದೆ' ಎಂದು ಅವಳೇ ಬರೆದು ಹಾಕಿದ್ದಳು. ಬದುಕಿನಲ್ಲಿ ತಾನು ಮಾಡಿದ ಒಂದು ಒಳ್ಳೆಯ ಕೆಲಸ ಯಾವುದೆಂದು ಕೇಳಿದ್ದರೆ ಇದನ್ನೇ ತೋರಿಸುತ್ತಿದ್ದಳು.

*

ಪರದೆ ಇಲ್ಲದ ಹೊಸ ಆವೃತ್ತಿ ಹೊರಬಂತು. ಮರುದಿನವೇ ಗುಬ್ಬಚ್ಚಿ ಕೇಳಿದ: "ಪರದೆ ಎಲ್ಲಿ?"

"ಸಭೆಯಲ್ಲಿ ನಿರ್ಧಾರ ಆಯ್ತಲ್ಲ. ನೀವೂ ಇದ್ದಿರಿ. ನಿಮ್ಮನ್ನೇ ಕೇಳಿದೆ. ಸುಮ್ಮನಿದ್ದಿರಿ" ಎಂದು ಅವಳು ಬರೆದಳು. ಕೊನೆಯ ಪದ ಸ್ವಲ್ಪ ಖಾರವಾಗಿದೆ ಎನ್ನಿಸಿತು. ಆದರೂ ಹಾಗೇ ಬಿಟ್ಟಳು.

ಆಮೇಲೆ ಒಂದೇ ಸಾಲು. "ಹೌದು, ಸುಮ್ಮನಿದ್ದೆ."

ಸಂಜೆಗೆ ಗುಂಪಿನಿಂದ ಗುಬ್ಬಚ್ಚಿಯ ಚಿತ್ರ ಕಾಣೆಯಾಯಿತು. ಅವನೇ ತನ್ನ ಹೆಸರು ತೆಗೆದುಕೊಂಡು ಹೊರಗೆ ಹೋಗಿದ್ದ.

"ಕೀಬೋರ್ಡ್ ಏನೇ ಪಾಪ ಮಾಡಿದೆ, ಹಾಗೆ ಕುಟ್ತಿದ್ದೀಯ?" ಹೊಲಿಗೆ ಮಷಿನ್ ನಿಲ್ಲಿಸಿ ಅಮ್ಮ ಕೇಳಿದಳು. ಆ ಮನೆಯಲ್ಲಿ ಅವರಿಬ್ಬರೇ. ಒಂದು ಮೂಲೆಯಲ್ಲಿ ಅಮ್ಮನ ಮಷಿನ್, ಇನ್ನೊಂದರಲ್ಲಿ ಮಗಳದು.

"ಗುಬ್ಬಚ್ಚಿ ಹೋಯ್ತಮ್ಮ."

ಆ ಹೆಸರು ಅಮ್ಮನಿಗೆ ಹೊಸದಲ್ಲ. ಮಗಳು ಒಬ್ಬಳೇ ಕೂತು ನಗುವಾಗಲೆಲ್ಲ ಕೇಳಿ ತಿಳಿದಿದ್ದಳು. "ಯಾರು ಓಡಿಸಿದ್ದು?"

"ಯಾರೂ ಓಡಿಸಲಿಲ್ಲ. ಬೇಡ ಅನ್ನೋಕೆ ಬಾಯಿರಲಿಲ್ವಾ? ಕೇಳಿದಾಗ ಸುಮ್ಮನೆ ಕೂತು, ಈಗ ಮುನಿಸಿಕೊಂಡ್ರೆ?"

ಅಮ್ಮ ಹಲ್ಲಿನಿಂದ ದಾರ ಕಡಿದಳು. "ರವಿಕೆ ಹಾಕಿ ನೋಡೋವಾಗ ಕೆಲವರು ಕಂಕುಳಲ್ಲಿ ಬಿಗಿದ್ರೂ ಸುಮ್ಮನೆ ನಿಂತಿರ್ತಾರೆ. ಸರಿಯಾಗಿದೆ ಅಂತಲ್ಲ. ನಾನು ತಲೆ ಬಗ್ಗಿಸಿ ಗುಂಡುಸೂಜಿ ಹುಡುಕ್ತಾ 'ಸರೀನಾ' ಅಂದ್ರೆ ಅವರೇನು ಹೇಳ್ತಾರೆ? ಮುಖ ನೋಡಿ ಕೇಳಬೇಕಮ್ಮ."

"ಅವರ ಮುಖ ನಾನು ನೋಡಿಯೇ ಇಲ್ಲ."

"ಮತ್ತೆ?" ಎಂದಳು ಅಮ್ಮ, ಮಷಿನ್ ತುಳಿಯತೊಡಗಿದಳು.

*

ಪರದೆ ಹಾಕಿಕೊಂಡಿದ್ದ ಆ ಒಂದೇ ಆಸ್ಪತ್ರೆ ಅವಳ ಊರಲ್ಲೇ ಇತ್ತು. ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಇಷ್ಟು ವರ್ಷ ಕೋಡ್ ಓದಿದವಳು ಅದು ಕೆಲಸ ಮಾಡುವುದನ್ನು ಒಂದು ದಿನವೂ ಹೋಗಿ ನೋಡಿರಲಿಲ್ಲ. ಶನಿವಾರ ರಜೆ ಹಾಕಿ ಹೋದಳು. ಗುಬ್ಬಚ್ಚಿಯ ವಿಳಾಸ ಅಲ್ಲಿ ಸಿಕ್ಕಬಹುದೆಂಬ ಆಸೆಯೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಔಷಧಿಯ ವಾಸನೆ, ಉದ್ದನೆಯ ಬೆಂಚುಗಳು, ಕೆಮ್ಮು, ಅಳುವ ಮಗು. ಗೋಡೆಯ ಮೇಲೆ ಕಪ್ಪಾಗಿ ಕೂತ ಒಂದು ಹಳೆಯ ಮಾನಿಟರ್. ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಕರೆಯಿತು: "ಟೋಕನ್ ನಂಬರ್ ನಲವತ್ತೊಂದು, ಒಳಗೆ ಬನ್ನಿ."

ಅವಳದೇ ದನಿ. ನಂಬರುಗಳನ್ನೆಲ್ಲ ತನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕೊಟ್ಟಿದ್ದಳು.

ಯಾರೂ ಏಳಲಿಲ್ಲ. ದನಿ ಮತ್ತೆ ಕರೆಯಿತು. ಮೂರನೆಯ ಸಲವೂ ಕರೆಯಿತು. ಬಾಗಿಲ ಬಳಿ ನಿಂತವನು ಮುಂದಿನ ನಂಬರಿನವರನ್ನು ಒಳಗೆ ಬಿಟ್ಟ. ಆಮೇಲೆ ಪಕ್ಕದವರ ಚೀಟಿ ನೋಡಿ ಗಾಬರಿಯಾದ ಒಬ್ಬ ಯುವಕ ಎದ್ದು ಬಾಗಿಲಿಗೆ ಹೋಗಿ ತನ್ನ ಚೀಟಿ ತೋರಿಸಿದ.

"ಅಷ್ಟು ಸಲ ಕೂಗಿದ್ರೂ ಬರಲಿಲ್ಲ, ಕಿವುಡಾ ನೀವು?" ಎಂದು ಬಾಗಿಲಿನವನು ರೇಗಿದ, ಜನ ಬೈಯುವಾಗ ಅನ್ನುವ ಹಾಗೆ. "ಹೋಗಿ, ಕೊನೇಲಿ ಬನ್ನಿ."

ಆ ಯುವಕ ಅವನ ತುಟಿಗಳನ್ನೇ ನೋಡುತ್ತಿದ್ದ. ತಲೆಯಾಡಿಸಿ ಬಂದು ಬೆಂಚಿನ ತುದಿಯಲ್ಲಿ ಕೂತ. ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ಸಲ ಹೀಗೆ ಕೂತು ಅಭ್ಯಾಸವಾದವನಂತಿದ್ದ.

ಟೋಕನ್ ಕೊಡುವ ನರ್ಸಮ್ಮ ನಿಟ್ಟುಸಿರು ಬಿಟ್ಟರು. "ಅವನಿಗೆ ನಿಜವಾಗ್ಲೂ ಕೇಳಿಸಲ್ಲಮ್ಮ. ಹೈಸ್ಕೂಲಲ್ಲಿದ್ದಾಗ ಜ್ವರ ಬಂದು ಎರಡೂ ಕಿವಿ ಹೋಯ್ತಂತೆ. ತಲೆಸುತ್ತಿನ ಮಾತ್ರೆಗೆ ತಿಂಗಳು ತಿಂಗಳೂ ಬರ್ತಾನೆ. ಆ ಟೀವಿ ಅವನೇ ತಂದು ಹಾಕಿದ್ದು. ನಂಬರ್ ಅದರಲ್ಲಿ ಬರ್ತಿತ್ತು. ಎಷ್ಟು ಜನ ಮುದುಕರಿಗೆ ಅನುಕೂಲ ಆಗಿತ್ತು! ಈಗ ಯಾರೋ ಪುಣ್ಯಾತ್ಮರು ತೆಗೆದುಬಿಟ್ಟಿದ್ದಾರೆ."

ಪರದೆ ತಂದು ಹಾಕಿದವನೆಂದರೆ ಗುಬ್ಬಚ್ಚಿಯೇ ಇರಬೇಕು. ನೋವಿಗಿಂತ ಮೊದಲು ನಾಚಿಕೆ ಬಂತು. ಅವನಿಗಾಗಿ ಇಷ್ಟು ತಿಂಗಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತವಳು ತಾನು. ಇಲ್ಲಿ ತನ್ನದೇ ದನಿ ಅವನನ್ನು ಮೂರು ಸಲ ಕರೆದಿತ್ತು.

*

ಅವನ ಪಕ್ಕದಲ್ಲಿ ಹೋಗಿ ಕೂತಳು. ಫೋನಿನಲ್ಲಿ ಒಂದು ಪದ ಬರೆದು ತೋರಿಸಿದಳು: "ಗುಬ್ಬಚ್ಚಿ?"

ಅವನು ಓದಿದ. ಮುಖ ಎತ್ತಿದ. ದಟ್ಟ ಹುಬ್ಬು, ಅದರ ಕೆಳಗೆ ಮಿಟುಕದೆ ನೋಡುವ ಕಣ್ಣು, ಎದುರಿಗಿನ ಮುಖವನ್ನು ಓದಿಯೇ ಎಲ್ಲವನ್ನೂ ತಿಳಿಯಬೇಕಾದ ಕಣ್ಣು. ಆ ಕಣ್ಣು ಅವಳ ಹಣೆಯಿಂದ ತುಟಿಗೆ, ತುಟಿಯಿಂದ ಫೋನ್ ಹಿಡಿದ ಬೆರಳಿಗೆ ಇಳಿದು ಮತ್ತೆ ಮೇಲೇರಿತು.

"ಅಕ್ಕ?" ಎಂದ.

ದನಿ ದೊಡ್ಡದಾಗಿ ಬಂತು. ಬೆಂಚಿನವರೆಲ್ಲ ತಿರುಗಿದರು. ಅವನ ಕಿವಿಯ ತುದಿ ಕೆಂಪಾಯಿತು. ಫೋನ್ ತೆಗೆದು ಬರೆದ: "ಕ್ಷಮಿಸಿ. ನನ್ನ ದನಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಲ್ಲ. ಜನ ತಿರುಗಿದಾಗ ಗೊತ್ತಾಗುತ್ತೆ."

"ನೀವು ನನ್ನ ಅಕ್ಕ ಅನ್ನಲ್ಲ" ಎಂದು ಅವಳು ಬರೆದಳು.

"ಈಗ ಅನ್ನಬಹುದು ಅನ್ನಿಸ್ತು."

ಅದನ್ನು ಓದಿ ಅವಳು ಬೇಗ ಬೇಗ ಬರೆದಳು: "ಆ ದಿನ ಬೇಡ ಅಂತ ಯಾಕೆ ಹೇಳಲಿಲ್ಲ? ಯಾವುದಾದರೂ ರೀತಿ?"

ಅವನು ಬಹಳ ಹೊತ್ತು ಬರೆದ. "ಸಭೆಗೆ ಬರದಿದ್ದರೆ ಗುಂಪಿನಲ್ಲಿ ಇರೋ ಹಾಗಿಲ್ಲ. ಬರ್ತಿದ್ದೆ. ನೀವೆಲ್ಲ ಆಡೋ ಮಾತನ್ನ ಒಂದು ಆ್ಯಪ್ ಅಕ್ಷರ ಮಾಡಿ ತೋರಿಸುತ್ತೆ. ನಾಲ್ಕು ಮಾತಾಡಿದ್ರೆ ಒಂದು ಬರುತ್ತೆ, ಅದೂ ಚೂರುಚೂರು. ಆ ದಿನ ಬಂದಿದ್ದು ಒಂದೇ: ಪರದೆ ತೆಗೆದುಬಿಡೋಣ."

"ಮತ್ತೆ?"

"ಎಲ್ಲ ಆಸ್ಪತ್ರೆಗೂ ಪರದೆ ಕೊಡಿ ಅಂತ ವರ್ಷದಿಂದ ಕೇಳ್ತಿದ್ದೆ. ಬಾಗಿಲು ತೆಗೆಯೋದು ಅಂದ್ರೆ ತೆರೆಯೋದು ಅಲ್ವಾ? ಕೊನೆಗೂ ತೆಗೀತಿದ್ದಾರೆ ಅಂದುಕೊಂಡೆ. ಅಷ್ಟು ಖುಷಿ ಆಯ್ತು, ಸುಮ್ಮನೆ ಕೂತೆ."

ತೆಗೆ. ಬಾಗಿಲಾದರೆ ತೆರೆಯುವುದು, ಹೆಸರಾದರೆ ಅಳಿಸುವುದು. ನೂರು ಸಲ ಆಡಿದ ಮಾತಿನೊಳಗೆ ಇಂಥ ಹಳ್ಳ ಇದೆಯೆಂದು ಅವಳು ನೋಡಿರಲಿಲ್ಲ. ಅವಳ ಬಾಯಿಂದ ನಗುವಿನಂಥದ್ದು ಹೊರಟು ನಡುವೆಯೇ ಅಳುವಾಯಿತು. ಅವನು ಕರವಸ್ತ್ರ ತೆಗೆದ, ಅದು ಶುಭ್ರವಾಗಿಲ್ಲವೆಂದು ಕಂಡು ವಾಪಸ್ ಇಟ್ಟುಕೊಂಡ.

"ಕೇಳಿಸಲ್ಲ ಅಂತ ನನಗಾದರೂ ಹೇಳಬಹುದಿತ್ತು."

"ಹೇಳಿದ ದಿನದಿಂದ ನನ್ನ ಕೋಡನ್ನ ಯಾರೂ ಬೈಯಲ್ಲ. ಪಾಪ ಅಂತಾರೆ. ನೀವು ಚೆನ್ನಾಗಿ ಬೈತಿದ್ದಿರಿ."

"ವಾಪಸ್ ಬನ್ನಿ. ಪರದೆ ಹಾಕಿಸ್ತೀನಿ. ನಾನಿದ್ದೀನಲ್ಲ."

ಅವನು ಬೇಡವೆಂದು ತಲೆಯಾಡಿಸಿದ. "ನೀವಿದ್ದೀರಿ ಅಂತ ನಾನು ಬಂದರೆ, ನೀವು ಹೋದ ದಿನ ನಾನೂ ಹೋಗಬೇಕು. ನನ್ನ ನಂತರ ಬರೋನು ಏನು ಮಾಡ್ತಾನೆ?"

"ಗುಂಪಿಗೆ ನಿಮ್ಮ ವಿಷಯ ಹೇಳಲಾ?" ಎಂದಷ್ಟೇ ಕೇಳಿದಳು.

"ಬೇಡ. ನಾನೇ ಹೇಳ್ತೀನಿ."

*

ಆ ಭಾನುವಾರ ಮೊದಲ ಸಲ ಸಭೆ ಬರಹದಲ್ಲಿ ನಡೆಯಿತು. ಗುಬ್ಬಚ್ಚಿ ಅತಿಥಿಯಾಗಿ ಬಂದು ನಾಲ್ಕು ಸಾಲಿನಲ್ಲಿ ತನ್ನ ವಿಷಯ ಬರೆದ. ಮೌನಿಬಾಬಾ ಎಂದಿದ್ದವರು ಆ ದಿನ ಪೂರ್ತಿ ಏನೂ ಬರೆಯಲಿಲ್ಲ.

"ನಮಗೆ ಹೇಗೆ ಗೊತ್ತಾಗಬೇಕಿತ್ತು?" ಎಂದು ಗಡ್ಡದವನು ಕೇಳಿದ. ಅದು ಜಗಳದ ಮಾತಲ್ಲ, ನಿಜಕ್ಕೂ ಕೇಳಿದ್ದ.

"ಗೊತ್ತಾಗಬೇಕಿರಲಿಲ್ಲ. ನನ್ನಂಥವನೂ ಒಬ್ಬ ಇರಬಹುದು ಅಂದುಕೊಂಡಿದ್ದರೆ ಸಾಕಿತ್ತು" ಎಂದು ಗುಬ್ಬಚ್ಚಿ ಬರೆದ.

ಅವಳು ತನ್ನ ಪಾಲಿನದನ್ನು ಮುಚ್ಚುಮರೆ ಇಲ್ಲದೆ ಬರೆದಳು. ಸಭೆ ತಂದಿದ್ದು ತಾನು, ಚಾಟ್ ಮುಚ್ಚಿದ್ದು ತಾನು, ಸುಮ್ಮನಿದ್ದವನನ್ನು ಒಪ್ಪಿದವನೆಂದು ಎಣಿಸಿ ನಕ್ಕಿದ್ದೂ ತಾನೇ. ಇನ್ನು ಎಲ್ಲವೂ ಬರಹದಲ್ಲಿ ನಡೆಯಲಿ ಎಂದಳು.

ಆಗ ಹೊಸದಾಗಿ ಸೇರಿದ್ದ ಒಬ್ಬ ವಿದ್ಯಾರ್ಥಿನಿ ಬರೆದಳು: "ಅಕ್ಕ, ಸಭೆ ಇದೆ ಅಂತಾನೇ ನಾನು ಇಲ್ಲಿಗೆ ಬಂದಿದ್ದು. ಬೇರೆ ಗುಂಪಲ್ಲಿ ನನಗೆ ಬರೆದಿದ್ದನ್ನ ಇಲ್ಲಿ ಹೇಳೋಕಾಗಲ್ಲ. ಆ ದಿನಗಳು ವಾಪಸ್ ಬಂದ್ರೆ?"

ಒಬ್ಬರಿಗೆ ಬಾಗಿಲಾದದ್ದು ಇನ್ನೊಬ್ಬರಿಗೆ ಗೋಡೆ. ಅದನ್ನು ಬಿಡಿಸಲು ಅವರಿಗೆ ಆ ಬೆಳಗು ಸಾಲದೆ ಮತ್ತೊಂದು ಭಾನುವಾರವೂ ಹಿಡಿಯಿತು. ಕೊನೆಗೆ ಹೀಗೆಂದು ಆಯಿತು: ಮಾತೂ ಇರಲಿ, ಆಡಿದ ಪ್ರತಿ ಮಾತನ್ನೂ ಒಬ್ಬರು ಕೂತು ಆಗಿಂದಾಗಲೇ ಟೈಪ್ ಮಾಡಲಿ, ಚಾಟ್ ತೆರೆದಿರಲಿ, ಅಲ್ಲಿ ಯಾರೂ ಎಲ್ಲೆ ಮೀರದಂತೆ ಒಬ್ಬರು ಕಾಯಲಿ. ಸುಮ್ಮನಿದ್ದರೆ ಒಪ್ಪಿಗೆ ಎಂಬ ಪದ್ಧತಿ ಹೋಯಿತು. ಇನ್ನು ಮೇಲೆ ಪ್ರತಿಯೊಬ್ಬರೂ ಹೌದು ಅಥವಾ ಬೇಡ ಎನ್ನಬೇಕು. ಏನೂ ಹೇಳದವರನ್ನು ಹೋಗಿ ಕೇಳಬೇಕು.

"ಟೈಪ್ ಮಾಡೋರು ಯಾರು?" ಎಂದು ಗಡ್ಡದವನು ಕೇಳಿದ. "ಟೈಪ್ ಮಾಡ್ತಾ ಸಭೆ ನಡೆಸೋಕಾಗಲ್ಲ."

"ನಾನು" ಎಂದಳು ಅವಳು. "ಸಭೆ ಬೇರೆಯವರು ನಡೆಸಲಿ."

ಹಲ್ಲುಕಚ್ಚಿ ಗಳಿಸಿದ ಕುರ್ಚಿ ಅದು. ಬಿಡುವಾಗ ನೋವಾಗಲಿಲ್ಲ ಎನ್ನುವಂತಿಲ್ಲ. ಆ ಸಂಜೆ ಗುಂಪಿನಲ್ಲಿ ಗುಬ್ಬಚ್ಚಿಯ ಚಿತ್ರ ಮತ್ತೆ ಬಂದು ಕೂತಿತು.

ಮುಂದಿನ ಸಭೆಯಲ್ಲಿ ಅವಳು ಎಲ್ಲವನ್ನೂ ಟೈಪ್ ಮಾಡುತ್ತಿದ್ದಳು: "ಗಡ್ಡದವರು ಕೆಮ್ಮಿದರು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಎಲ್ಲರೂ ನಗುತ್ತಿದ್ದಾರೆ, ಯಾಕೆಂದು ನನಗೂ ತಿಳಿಯಲಿಲ್ಲ. ಹೊರಗೆ ಮಳೆ ಶುರುವಾಯಿತು. ನಮ್ಮಮ್ಮ ಮಷಿನ್ ಬಿಟ್ಟು ಒಣಗಿದ ಬಟ್ಟೆ ತರಲು ಓಡಿದರು."

"ಅದು ಸಭೆಯ ವಿಷಯವಾ?" ಎಂದು ಗುಬ್ಬಚ್ಚಿ ಅವಳಿಗೆ ಮಾತ್ರ ಕಾಣುವಂತೆ ಬರೆದ.

"ನನ್ನ ಕಿವಿಗೆ ಬಿದ್ದಿದ್ದೆಲ್ಲ ಬರೀಬೇಕು ಅಂತ ನಿಯಮ."

"ಮಳೆ ಹೇಗೆ ಕೇಳುತ್ತೆ ಈಗ? ಮರೆತುಹೋಗಿದೆ."

ಅವಳ ಬೆರಳು ನಿಂತಿತು. ಗಡ್ಡದವನು ಏನೋ ಮುಖ್ಯವಾದದ್ದು ಹೇಳುತ್ತಿದ್ದ, ಎರಡು ವಾಕ್ಯ ತಪ್ಪಿಹೋದವು. "ಅಮ್ಮ ದೂರದಲ್ಲಿ ಬಟ್ಟೆ ಕತ್ತರಿಸಿದ ಹಾಗೆ" ಎಂದು ಬರೆದಳು. ಆ ಕಡೆಯಿಂದ ಉತ್ತರ ಬಂತು: "ಈಗ ಕೇಳಿಸಿತು."

*

ಪರದೆ ಎಲ್ಲ ಆಸ್ಪತ್ರೆಗೂ ಹೋಯಿತು. ಹಾಳಾದಾಗಲೆಲ್ಲ ಸರಿಮಾಡುವ ಕೆಲಸವನ್ನು ಗಡ್ಡದವನೇ ಕೇಳಿ ತೆಗೆದುಕೊಂಡ.

ಗುಬ್ಬಚ್ಚಿ ಮಾತ್ರೆಗೆ ಹೋಗುವ ದಿನ ಅವಳೂ ಹೋದಳು. ಗೋಡೆಯ ಮೇಲೆ ಹಸಿರು ಅಕ್ಷರದಲ್ಲಿ ನಂಬರ್ ಬರುತ್ತಿತ್ತು, ಜೊತೆಗೆ ಅವಳ ದನಿ. ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು. ಇಬ್ಬರ ಮೊಣಕೈ ನಡುವೆ ಒಂದು ಚೀಟಿ ತೂರುವಷ್ಟು ಜಾಗ; ಅದನ್ನು ಇಬ್ಬರೂ ಬಹಳ ಜೋಪಾನ ಮಾಡುತ್ತಿದ್ದರು.

"ಪರದೆ ಎಲ್ಲ ಕಡೆ ಹೋದ ಮೇಲೆ ಏನೋ ಹೇಳ್ತೀನಿ ಅಂದಿದ್ರಿ" ಎಂದು ಅವಳು ಬರೆದು ತೋರಿಸಿದಳು.

ಅವನು ಬರೆದ, ಅಳಿಸಿದ, ಮತ್ತೆ ಬರೆದ. "ಅಕ್ಕ ಅಂದುಬಿಟ್ಟರೆ ಆಮೇಲೆ ಬೇರೆ ಏನೂ ಅನ್ನೋಕೆ ಆಗ್ತಿರಲಿಲ್ಲ. ಅದಕ್ಕೆ."

ಅವಳು ಅದನ್ನು ಓದಿದಳು. ಮುಖ ಎತ್ತಲು ಧೈರ್ಯ ಸಾಲಲಿಲ್ಲ. ಗುಂಪಿನಲ್ಲಿ ಬರೆಯುವ ರೀತಿಯಲ್ಲೇ ಬರೆದಳು, ಯಾಕೆಂದರೆ ಬೇರೆ ರೀತಿ ಅವಳಿಗೆ ಬರುತ್ತಿರಲಿಲ್ಲ: "ಪ್ರಸ್ತಾಪ: ನಾವಿಬ್ಬರೂ ಇನ್ನು ಮುಂದೆ ಒಂದೇ ಮನೆಯಲ್ಲಿ ಇರೋದು. ಊಟ, ಜಗಳ, ಮುಪ್ಪು ಎಲ್ಲ ಸೇರಿ. ಆಕ್ಷೇಪಣೆ ಇದೆಯಾ?"

ಅವನು ಓದಿದ. ಸುಮ್ಮನಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಅವನ ನಂಬರ್ ಬಂತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಎದ್ದು ಒಳಗೆ ಹೋದ.

ಕಾಯುವ ಸರದಿ ಈಗ ಅವಳದು. ಬಾಗಿಲು ಮುಚ್ಚಿತ್ತು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಅವನ ಮೌನ ಯಾವ ಕಡೆಗೆ ಎಂದು ಅವಳು ಯೋಚಿಸಿ ಯೋಚಿಸಿ ಸೋತಳು. ಹಿಂದಿನ ದಿನಗಳಲ್ಲಾಗಿದ್ದರೆ ಅದನ್ನು ಒಪ್ಪಿಗೆ ಎಂದು ಬರೆದುಕೊಂಡು ಹಾಯಾಗಿರುತ್ತಿದ್ದಳು.

ಬಾಗಿಲು ತೆರೆಯಿತು. ಮಾತ್ರೆಯ ಪೊಟ್ಟಣ ಹಿಡಿದು ಅವನು ನೆಟ್ಟಗೆ ಬಂದು ಅವಳ ಮುಂದೆ ನಿಂತ. ಫೋನ್ ತೆಗೆಯಲಿಲ್ಲ.

"ಸುಮ್ಮನಿದ್ದೆ ಅಂತ ಒಪ್ಪಿಗೆ ಅಂದುಕೋಬೇಡಿ" ಎಂದ. ದನಿ ಎಲ್ಲ ಬೆಂಚುಗಳನ್ನೂ ದಾಟಿ ಟೋಕನ್ ಕಿಟಕಿಯವರೆಗೆ ಹೋಯಿತು. "ಬಾಯಿಬಿಟ್ಟು ಹೇಳ್ತಿದ್ದೀನಿ. ಒಪ್ಪಿಗೆ ಇದೆ."

ಜನರೆಲ್ಲ ತಿರುಗಿದರು. ಅದನ್ನು ಕಂಡು ಅವನ ಕಿವಿಯ ತುದಿ ಕೆಂಪಾಯಿತು, ತಲೆ ತಗ್ಗಿತು. ಅವಳು ಎದ್ದು ನಿಂತಳು. ಅವನ ಗಲ್ಲ ಹಿಡಿದು ಮುಖ ಎತ್ತಿದಳು, ತನ್ನ ತುಟಿ ಅವನಿಗೆ ಕಾಣುವ ಹಾಗೆ.

"ಇನ್ನೊಂದು ಸಲ ಹೇಳಿ" ಎಂದಳು. "ಮೆಲ್ಲಗೆ ಬೇಡ."

ಅವನು ಹೇಳಿದ. ಸ್ಪೀಕರಿನಲ್ಲಿ ಅವಳ ದನಿ ಮುಂದಿನ ನಂಬರ್ ಕರೆಯಿತು, ಪರದೆಯ ಮೇಲೂ ಅದು ಬಂತು. ಆದರೆ ಆ ಚೀಟಿ ಹಿಡಿದಿದ್ದ ಮುದುಕಿ ಏಳಲಿಲ್ಲ. ಅವಳು ಇವರನ್ನೇ ನೋಡುತ್ತ ಕೂತಿದ್ದಳು.